ವಂಶವೃಕ್ಷದ ಹುಡುಕಾಟ ನಿಂತುಹೋದಾಗ: ಬಂದ ದಾರಿಯಲ್ಲೇ ಒಮ್ಮೆ ಹಿಂದಕ್ಕೆ ನಡೆಯಿರಿ

ಮನೆತನದ ಇತಿಹಾಸ ಹುಡುಕುವ ಎಲ್ಲರಿಗೂ ಒಂದಲ್ಲ ಒಂದು ದಿನ ಹೀಗಾಗುತ್ತದೆ. ಅಜ್ಜ ಸಿಕ್ಕಿರುತ್ತಾನೆ, ಮುತ್ತಜ್ಜ ಸಿಕ್ಕಿರುತ್ತಾನೆ, ಅವನ ಅಪ್ಪನ ಹೆಸರೂ ಸಿಕ್ಕಿರುತ್ತದೆ. ಅಲ್ಲಿಂದ ಮುಂದೆ ಏನೂ ಇಲ್ಲ. ಹುಟ್ಟಿದ ದಾಖಲೆ ಇಲ್ಲ, ಊರು ಗೊತ್ತಿಲ್ಲ, ತಂದೆ ತಾಯಿ ಯಾರೋ ತಿಳಿಯದು. ಆ ಮನುಷ್ಯ ಆಕಾಶದಿಂದ ಉದುರಿದ ಹಾಗೆ ನಿಂತಿರುತ್ತಾನೆ. ಈ ಕೆಲಸದಲ್ಲಿ ಇರುವವರು ಇದನ್ನು ‘ಬ್ರಿಕ್ ವಾಲ್’ ಅನ್ನುತ್ತಾರೆ. ಇಟ್ಟಿಗೆ ಗೋಡೆ.

ನಾನು ಇಂಥದ್ದೊಂದು ಗೋಡೆಯ ಮುಂದೆ ಮೂರು ವರ್ಷ ಕೂತಿದ್ದೆ. ಸಿಕ್ಕ ಸಿಕ್ಕ ಪಟ್ಟಿಗಳನ್ನೆಲ್ಲ ತಿರುವಿ ಹಾಕಿದೆ. ಕೊನೆಗೆ ಗೊತ್ತಾಗಿದ್ದೇ ಬೇರೆ. ಎರಡು ತಲೆಮಾರು ಈಚೆಗೇ ನಾನು ತಪ್ಪು ಮನೆಯ ದಾರಿ ಹಿಡಿದಿದ್ದೆ. ಬೇರೆ ಯಾರದೋ ಪೂರ್ವಿಕರನ್ನು ನನ್ನವರೆಂದು ಹುಡುಕುತ್ತಿದ್ದೆ. ಸಿಗದೇ ಇದ್ದದ್ದರಲ್ಲಿ ಆಶ್ಚರ್ಯ ಏನಿದೆ?

ಅಲ್ಲಿಂದ ಈಚೆಗೆ ನಾನು ಪಾಲಿಸುವುದು ಒಂದೇ ಕ್ರಮ. ದಾರಿ ಮುಚ್ಚಿದಾಗ ಮುಂದಕ್ಕೆ ನುಗ್ಗುವ ಮೊದಲು ಹಿಂದಕ್ಕೆ ನಡೆಯುತ್ತೇನೆ. ಎಷ್ಟೋ ಸಲ ಗೋಡೆಗೆ ಕಾರಣ ದಾಖಲೆಯ ಕೊರತೆ ಆಗಿರುವುದಿಲ್ಲ, ನಾವೇ ಹಿಂದೆ ಮಾಡಿದ ಒಂದು ಸಣ್ಣ ತಪ್ಪು ಆಗಿರುತ್ತದೆ. ಆ ಹಿಂದಿನ ನಡಿಗೆಯನ್ನು ಹೇಗೆ ಮಾಡುವುದು, ಆಮೇಲೆ ನಿಜವಾದ ಗೋಡೆಯನ್ನು ಹೇಗೆ ದಾಟುವುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪ್ರಶ್ನೆಯನ್ನು ಬರೆಯಿರಿ

ಹುಡುಕುವುದನ್ನು ಒಂದು ದಿನ ನಿಲ್ಲಿಸಿ. ಒಂದು ಹಾಳೆ ತೆಗೆದುಕೊಂಡು, ನಿಮಗೆ ಏನು ಬೇಕು ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಮುತ್ತಜ್ಜನ ಕಡೆಯವರ ಬಗ್ಗೆ ತಿಳಿಯಬೇಕು’ ಅಂದರೆ ಸಾಲದು. ‘1874ರಲ್ಲಿ ಮದುವೆಯಾದ, ಆಗ 24 ವರ್ಷ ಎಂದು ಬರೆಸಿದ ಈ ವ್ಯಕ್ತಿಯ ತಂದೆ ತಾಯಿ ಯಾರು?’ ಹೀಗಿರಬೇಕು. ಪ್ರಶ್ನೆ ಗಟ್ಟಿಯಾದರೆ ಉತ್ತರ ಯಾವ ದಾಖಲೆಯಲ್ಲಿ ಇರಬಹುದು ಅನ್ನುವುದು ತಾನಾಗಿ ಹೊಳೆಯುತ್ತದೆ.

ಅದರ ಕೆಳಗೆ ಇಲ್ಲಿಯವರೆಗೆ ಎಲ್ಲೆಲ್ಲಿ ಹುಡುಕಿದ್ದೀರಿ ಎಂದು ಬರೆಯಿರಿ. ಯಾವ ರಿಜಿಸ್ಟರ್, ಯಾವ ವರ್ಷದಿಂದ ಯಾವ ವರ್ಷದವರೆಗೆ, ಹೆಸರನ್ನು ಯಾವ ಯಾವ ರೀತಿ ಬರೆದು ಹುಡುಕಿದಿರಿ, ಎಲ್ಲವನ್ನೂ ಬರೆಯಿರಿ. ಏನೂ ಸಿಗದ ಹುಡುಕಾಟವನ್ನು ತಪ್ಪದೆ ಬರೆಯಬೇಕು. ಬರೆಯದಿದ್ದರೆ ಎರಡು ವರ್ಷ ಬಿಟ್ಟು ಅದೇ ರಿಜಿಸ್ಟರನ್ನು ಮತ್ತೆ ತೆರೆಯುತ್ತೀರಿ. ‘1870ರಿಂದ 1880ರವರೆಗೆ ನೋಡಿದೆ, ಇಲ್ಲ’ ಅನ್ನುವುದು ಕೂಡ ಒಂದು ಮಾಹಿತಿಯೇ ಅಲ್ವಾ? ಆತ ಆ ಕಾಲದಲ್ಲಿ ಅಲ್ಲಿ ಇರಲಿಲ್ಲ ಅನ್ನುವುದಕ್ಕೆ ಅದು ಸುಳಿವು.

ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ

ಈಗ ನಿಮ್ಮಿಂದಲೇ ಶುರು ಮಾಡಿ ಮೇಲಕ್ಕೆ ಹೋಗಿ. ಪ್ರತಿ ತಲೆಮಾರಿನಲ್ಲೂ ಒಂದೇ ಪ್ರಶ್ನೆ: ಇವರು ಇವರ ಮಗ ಅಥವಾ ಮಗಳು ಎಂದು ನನಗೆ ಹೇಗೆ ಗೊತ್ತು? ದಾಖಲೆಯಲ್ಲೇ ಹಾಗೆ ಬರೆದಿದ್ದರೆ ಆ ಕೊಂಡಿಯ ಪಕ್ಕ ಹಸಿರು ಗುರುತು ಹಾಕಿ. ಎರಡು ಮೂರು ದಾಖಲೆಗಳನ್ನು ಜೋಡಿಸಿ ನೀವು ಊಹಿಸಿದ್ದಾದರೆ ಹಳದಿ. ಯಾರೋ ಹೇಳಿದ್ದು ಅಥವಾ ಬೇರೆಯವರ ವಂಶವೃಕ್ಷದಿಂದ ತೆಗೆದುಕೊಂಡಿದ್ದು ಆದರೆ ಕೆಂಪು.

ಮಾಡಿ ನೋಡಿ. ಹಸಿರು ಎಂದುಕೊಂಡಿದ್ದ ಎಷ್ಟೋ ಕೊಂಡಿಗಳು ಹಳದಿ ಆಗುತ್ತವೆ. ನನ್ನ ಮರದಲ್ಲಿ ಗೋಡೆಗಿಂತ ಎರಡು ಹೆಜ್ಜೆ ಈಚೆಗೆ ಒಂದು ಕೊಂಡಿ ಕೆಂಪಾಗಿತ್ತು. ನಾನದನ್ನು ಅಷ್ಟು ವರ್ಷ ಖಚಿತ ಎಂದೇ ನಂಬಿದ್ದೆ.

ಜೊತೆಗೆ ಸರಳ ಲೆಕ್ಕಗಳನ್ನೂ ನೋಡಿ. ತಾಯಿಗೆ 11 ವರ್ಷವಿದ್ದಾಗ ಅಥವಾ 58 ವರ್ಷವಿದ್ದಾಗ ಮಗು ಹುಟ್ಟಿದೆಯೇ? ಎರಡು ಮಕ್ಕಳ ನಡುವೆ ಐದೇ ತಿಂಗಳ ಅಂತರ ಇದೆಯೇ? ತಾಯಿ ತೀರಿಕೊಂಡ ಮೇಲೆ ಮಗು ಹುಟ್ಟಿದೆಯೇ? ಒಂದೇ ವಾರದಲ್ಲಿ ಒಬ್ಬನೇ ಮನುಷ್ಯ ದೂರದ ಎರಡು ಊರುಗಳಲ್ಲಿ ಇದ್ದಾನೆಯೇ? ಇವು ಬಿಡಿಬಿಡಿಯಾಗಿ ನೋಡಿದಾಗ ಕಾಣುವುದಿಲ್ಲ. ಒಬ್ಬ ವ್ಯಕ್ತಿಯ ಬದುಕಿನ ಎಲ್ಲ ಘಟನೆಗಳನ್ನು ದಿನಾಂಕದ ಪ್ರಕಾರ ಮೇಲಿಂದ ಕೆಳಗೆ ಬರೆದರೆ ತಟ್ಟನೆ ಕಣ್ಣಿಗೆ ಬೀಳುತ್ತವೆ. ನನಗೆ ಗೊತ್ತಿರುವ ಉಪಾಯಗಳಲ್ಲಿ ಇದರಷ್ಟು ಸುಲಭವಾದದ್ದು, ಇದರಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ.

ಒಂದೇ ಹೆಸರು, ಇಬ್ಬರು ಮನುಷ್ಯರು

ನನ್ನ ತಪ್ಪು ಇದೇ ಆಗಿತ್ತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಬಹಳ ಜನ ಬೀಳುವುದು ಈ ಗುಂಡಿಗೇ.

ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ಪದ್ಧತಿ ಲೋಕದ ಎಷ್ಟೋ ಕಡೆ ಇದೆ. ಒಬ್ಬ ಅಜ್ಜನಿಗೆ ನಾಲ್ಕು ಗಂಡುಮಕ್ಕಳಿದ್ದರೆ, ನಾಲ್ವರೂ ತಮ್ಮ ತಮ್ಮ ಮಗನಿಗೆ ಅದೇ ಹೆಸರು ಇಡಬಹುದು. ಅಲ್ಲಿಗೆ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಹೆಸರಿನ, ಒಂದೇ ಮನೆತನದ ನಾಲ್ಕು ಹುಡುಗರು. ನಮಗೆ ಹುಟ್ಟಿದ ದಾಖಲೆ ಒಂದೇ ಸಿಕ್ಕಿರುತ್ತದೆ. ‘ಹೆಸರು ಸರಿ ಇದೆ, ವರ್ಷ ಸರಿ ಇದೆ, ಊರು ಸರಿ ಇದೆ, ಇವನೇ’ ಎಂದು ಜೋಡಿಸಿಬಿಡುತ್ತೇವೆ. ಉಳಿದ ಮೂವರು ನಮ್ಮ ಕಣ್ಣಿಗೇ ಬಿದ್ದಿರುವುದಿಲ್ಲ.

ಇನ್ನೊಂದು ಇದೆ. ಚಿಕ್ಕ ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರು ಇಡುತ್ತಿದ್ದರು. ಯುರೋಪಿನ ಹಳೆಯ ರಿಜಿಸ್ಟರುಗಳಲ್ಲಿ ಇದು ತುಂಬ ಸಾಮಾನ್ಯ. ನೀವು ಮೊದಲ ಮಗುವಿನ ಹುಟ್ಟಿದ ದಿನವನ್ನು ಎರಡನೆಯ ಮಗುವಿಗೆ ಹಚ್ಚಿರಬಹುದು.

ಇದಕ್ಕೆ ಒಂದು ಪರೀಕ್ಷೆ ಇದೆ. ಹುಟ್ಟಿದ ದಾಖಲೆ ಸಿಕ್ಕ ಕೂಡಲೇ ಆ ಮಗುವಿನ ಸಾವಿನ ದಾಖಲೆ ಹುಡುಕಿ. ಮುಂದಿನ ಹತ್ತು ಹನ್ನೆರಡು ವರ್ಷಗಳ ಸಾವಿನ ಮತ್ತು ಸಮಾಧಿಯ ಪಟ್ಟಿಗಳನ್ನು ಪೂರ್ತಿ ನೋಡಿ. ಮಗು ಅಲ್ಲಿ ಸಿಕ್ಕರೆ ಆ ದಾರಿ ಅಲ್ಲಿಗೇ ಮುಗಿಯಿತು. ಸಿಗದಿದ್ದರೆ ಆತ ಬೆಳೆದು ದೊಡ್ಡವನಾಗಿರಬಹುದು. ಆಗ ಅದೇ ಹೆಸರಿನ ಉಳಿದವರನ್ನು ಪಟ್ಟಿ ಮಾಡಿ. ಪ್ರತಿಯೊಬ್ಬನ ಮದುವೆ, ಮಕ್ಕಳು, ಕೆಲಸ, ಸಾವು ಎಲ್ಲವನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ನಿಮಗೆ ಬೇಕಿರುವುದು ಒಬ್ಬನೇ ಆದರೂ ನಾಲ್ವರ ಬದುಕನ್ನೂ ಬರೆಯಬೇಕು. ಒಬ್ಬೊಬ್ಬರನ್ನೇ ಕೈಬಿಡುತ್ತಾ ಬಂದರೆ ಕೊನೆಗೆ ಉಳಿಯುವವನು ನಿಮ್ಮವನು.

ನಾನು ಮೂರು ವರ್ಷ ಹಿಂಬಾಲಿಸಿದ ಮುತ್ತಜ್ಜ ಎರಡನೇ ವಯಸ್ಸಿಗೇ ತೀರಿಕೊಂಡಿದ್ದ. ಆ ಸಾಲು ಓದಿದ ದಿನ ನನಗೆ ನಿಜಕ್ಕೂ ದುಃಖವಾಯಿತು. ನನ್ನವನಲ್ಲದ ಆ ಮಗುವಿನ ಬಗ್ಗೆಯೂ ಆಯಿತು.

ಈ ಮಾತನ್ನು ಹೇಳಿದವರು ಯಾರು?

ದಾಖಲೆ ಅಂದಕೂಡಲೇ ನಿಜ ಎಂದು ನಂಬುವ ಅಭ್ಯಾಸ ನಮಗಿದೆ. ಆದರೆ ದಾಖಲೆಯಲ್ಲಿ ಇರುವುದು ಯಾರೋ ಒಬ್ಬರು ಹೇಳಿದ ಮಾತು, ಇನ್ನೊಬ್ಬರು ಬರೆದುಕೊಂಡದ್ದು. ಸಾವಿನ ಪ್ರಮಾಣಪತ್ರವನ್ನೇ ನೋಡಿ. ಸತ್ತ ದಿನ ಸಾಮಾನ್ಯವಾಗಿ ಸರಿ ಇರುತ್ತದೆ, ಹೇಳಿದವರು ಅಲ್ಲೇ ಇದ್ದವರು. ಆದರೆ ಅದೇ ಕಾಗದದಲ್ಲಿರುವ ಹುಟ್ಟಿದ ಊರು, ತಾಯಿಯ ಹೆಸರು? ಅದನ್ನು ಅಳಿಯನೋ ಪಕ್ಕದ ಮನೆಯವರೋ ದುಃಖದ ಹೊತ್ತಿನಲ್ಲಿ ನೆನಪಿನಿಂದ ಹೇಳಿರುತ್ತಾರೆ. ಒಂದೇ ಕಾಗದದ ಒಂದು ಸಾಲು ಗಟ್ಟಿ, ಇನ್ನೊಂದು ಸಾಲು ಜೊಳ್ಳು. ಸಾಲು ಸಾಲಾಗಿ ತೂಗಬೇಕು.

ವಯಸ್ಸಿನ ವಿಷಯದಲ್ಲಂತೂ ತುಂಬ ಎಚ್ಚರ ಬೇಕು. ಬ್ರಿಟನ್ನಿನ 1841ರ ಜನಗಣತಿಯಲ್ಲಿ 15 ವರ್ಷ ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕು ಎಂದು ಗಣತಿದಾರರಿಗೆ ಸೂಚನೆ ಇತ್ತು. 34 ವರ್ಷದವರು 30 ಆದರು, 29 ವರ್ಷದವರು 25 ಆದರು. ಇದು ಗೊತ್ತಿಲ್ಲದೆ ಹುಟ್ಟಿದ ವರ್ಷ ಲೆಕ್ಕ ಹಾಕಿದರೆ ನಾಲ್ಕು ವರ್ಷ ತಪ್ಪು ಜಾಗದಲ್ಲಿ ಹುಡುಕುತ್ತೀರಿ. ಅದೇ ಗಣತಿಯಲ್ಲಿ ಮನೆಯವರ ನಡುವಿನ ಸಂಬಂಧವನ್ನೂ ಬರೆದಿಲ್ಲ. ಅದು ಶುರುವಾಗಿದ್ದು 1851ರಲ್ಲಿ. 1841ರಲ್ಲಿ ಒಂದೇ ಮನೆಯಲ್ಲಿರುವ ಹುಡುಗನನ್ನು ಮಗ ಎಂದುಕೊಂಡರೆ ಅವನು ತಮ್ಮನ ಮಗನಾಗಿರಬಹುದು.

ಪದಗಳ ಅರ್ಥವೂ ಕಾಲದ ಜೊತೆ ಬದಲಾಗುತ್ತದೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ‘ಸೀನಿಯರ್’ ಮತ್ತು ‘ಜೂನಿಯರ್’ ಅಂದರೆ ತಂದೆ ಮಗ ಎಂದೇ ಆಗಬೇಕಿಲ್ಲ. ಒಂದೇ ಊರಿನ ಒಂದೇ ಹೆಸರಿನ ಹಿರಿಯ ಮತ್ತು ಕಿರಿಯ, ಅಷ್ಟೇ. ಹಿರಿಯವನು ತೀರಿಕೊಂಡರೆ ನಿನ್ನೆಯ ಜೂನಿಯರ್ ಇವತ್ತು ಸೀನಿಯರ್ ಆಗುತ್ತಿದ್ದ. ‘ಮದರ್ ಇನ್ ಲಾ’ ಅನ್ನುವ ಮಾತನ್ನು ಮಲತಾಯಿಗೂ ಬಳಸುತ್ತಿದ್ದರು. ‘ಕಸಿನ್’ ಅಂದರೆ ಹತ್ತಿರದ ಯಾವ ನೆಂಟರೂ ಆಗಬಹುದಿತ್ತು.

ಸೂಚಿಯನ್ನು ನಂಬಿ ನಿಲ್ಲಬೇಡಿ

ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕಿದಾಗ ನಾವು ನೋಡುವುದು ಮೂಲ ದಾಖಲೆಯನ್ನಲ್ಲ. ಯಾರೋ ಕೈಬರಹ ಓದಿ ಮಾಡಿದ ಸೂಚಿಯನ್ನು. ಹಳೆಯ ಇಂಗ್ಲಿಷ್ ಬರಹದಲ್ಲಿ ‘ಎಸ್’ ಅಕ್ಷರದ ಉದ್ದನೆಯ ರೂಪ ‘ಎಫ್’ ಥರ ಕಾಣುತ್ತದೆ. ಹಾಗಾಗಿ ಎಷ್ಟೋ ಹೆಸರುಗಳು ಸೂಚಿಯಲ್ಲಿ ವಿಚಿತ್ರವಾಗಿ ಕೂತಿರುತ್ತವೆ. ಸಾಧ್ಯವಾದಾಗಲೆಲ್ಲ ಮೂಲ ಪುಟದ ಚಿತ್ರ ತೆರೆಯಿರಿ. ಹಿಂದಿನ ಪುಟ, ಮುಂದಿನ ಪುಟವನ್ನೂ ನೋಡಿ. ಅದೇ ಬರಹಗಾರ ಬೇರೆ ಕಡೆ ಆ ಅಕ್ಷರವನ್ನು ಹೇಗೆ ಬರೆದಿದ್ದಾನೆ ಎಂದು ಹೋಲಿಸಿ.

ಸೂಚಿಯಲ್ಲಿ ಇಲ್ಲ ಅಂದರೆ ದಾಖಲೆಯಲ್ಲಿ ಇಲ್ಲ ಎಂದಲ್ಲ. ಊರು ಮತ್ತು ವರ್ಷ ಗೊತ್ತಿದ್ದರೆ ಪುಟ ಪುಟ ತಿರುವಿ ನೋಡುವುದೇ ವಾಸಿ. ನಿಧಾನ ಆಗುತ್ತದೆ, ನಿಜ. ಆದರೆ ತಿರುವುತ್ತಾ ಹೋದಾಗ ಊರಿನ ಉಳಿದ ಹೆಸರುಗಳೂ ಪರಿಚಯವಾಗುತ್ತವೆ. ಅವು ಮುಂದೆ ಕೆಲಸಕ್ಕೆ ಬರುತ್ತವೆ.

ಹೆಸರಿನ ಕಾಗುಣಿತ ಒಂದೇ ಥರ ಇರಬೇಕು ಅನ್ನುವುದು ಇತ್ತೀಚಿನ ನಿರೀಕ್ಷೆ. ಹಿಂದೆ ಗುಮಾಸ್ತ ಕಿವಿಗೆ ಬಿದ್ದಂತೆ ಬರೆಯುತ್ತಿದ್ದ. ಇದಕ್ಕಾಗಿಯೇ ಅಮೆರಿಕದಲ್ಲಿ ರಾಬರ್ಟ್ ರಸೆಲ್ ಎಂಬುವವರು ಸೌಂಡೆಕ್ಸ್ ಎಂಬ ವಿಧಾನ ಕಂಡುಹಿಡಿದು 1918ರಲ್ಲಿ ಪೇಟೆಂಟ್ ಪಡೆದರು. ಹೆಸರಿನ ಮೊದಲ ಅಕ್ಷರ, ಆಮೇಲೆ ಉಚ್ಚಾರಣೆಯ ಪ್ರಕಾರ ಮೂರು ಅಂಕಿ. ಸ್ಮಿತ್ ಎಂಬ ಹೆಸರನ್ನು ‘ಐ’ ಹಾಕಿ ಬರೆದರೂ ‘ವೈ’ ಹಾಕಿ ಬರೆದರೂ ಎಸ್ 530 ಎಂದೇ ಬರುತ್ತದೆ. ಅನೇಕ ಹುಡುಕಾಟದ ತಾಣಗಳಲ್ಲಿ ಈ ಸೌಲಭ್ಯ ಈಗಲೂ ಇದೆ. ಆದರೆ ಇದಕ್ಕೊಂದು ಮಿತಿ ಇದೆ. ಮೊದಲ ಅಕ್ಷರ ಬದಲಾದರೆ ಇದು ಹಿಡಿಯುವುದಿಲ್ಲ. ‘ಸಿ’ಯಿಂದ ಶುರುವಾಗುವ ಕ್ಯಾಥರೀನ್‌ಗೂ ‘ಕೆ’ಯಿಂದ ಶುರುವಾಗುವ ಕ್ಯಾಥರೀನ್‌ಗೂ ಬೇರೆ ಸಂಕೇತ ಬರುತ್ತದೆ. ಆದ್ದರಿಂದ ಮೊದಲ ಅಕ್ಷರವನ್ನು ಬದಲಿಸಿ ಮತ್ತೊಮ್ಮೆ ಹುಡುಕಿ.

ಮನೆಹೆಸರೇ ಇಲ್ಲದ ಕಾಲವೂ ಇತ್ತು ಅನ್ನುವುದು ನೆನಪಿರಲಿ. ಟರ್ಕಿಯಲ್ಲಿ ಎಲ್ಲರಿಗೂ ಮನೆಹೆಸರು ಕಡ್ಡಾಯ ಮಾಡಿದ ಕಾನೂನು ಬಂದದ್ದು 1934ರಲ್ಲಿ. ಐಸ್‌ಲ್ಯಾಂಡ್‌ನಲ್ಲಿ ಇವತ್ತಿಗೂ ಹೆಚ್ಚಿನವರಿಗೆ ತಂದೆ ಅಥವಾ ತಾಯಿಯ ಹೆಸರೇ ಎರಡನೇ ಹೆಸರು. ಅದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಅಂಥ ಕಡೆ ಮನೆಹೆಸರು ಹಿಡಿದು ಮೇಲಕ್ಕೆ ಹೋಗಲು ಆಗುವುದಿಲ್ಲ. ಹೊಲ, ಮನೆ, ಊರು, ಇವುಗಳನ್ನು ಹಿಡಿದು ಹೋಗಬೇಕು.

ಇನ್ನು, ಮನೆಯಲ್ಲಿ ಹೇಳುವ ಕತೆಗಳು. ‘ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಿಸಿದರು’ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಹೊರದೇಶಗಳಿಂದ ಬಂದ ವಲಸಿಗರನ್ನು ತಪಾಸಣೆ ಮಾಡಲು 1892ರಿಂದ 1954ರವರೆಗೆ ನಡೆದ ಆ ಕೇಂದ್ರದಲ್ಲಿ ಅಧಿಕಾರಿಗಳ ಕೈಯಲ್ಲಿ ಇರುತ್ತಿದ್ದದ್ದು ಹಡಗಿನ ಕಂಪನಿಯವರು ಮೊದಲೇ ತಯಾರಿಸಿ ತಂದ ಪ್ರಯಾಣಿಕರ ಪಟ್ಟಿ. ಹೆಸರು ಬದಲಾಗಿದ್ದರೆ ಹೆಚ್ಚಾಗಿ ಆಮೇಲೆ ಆ ಜನರೇ ಬದಲಿಸಿಕೊಂಡಿರುತ್ತಾರೆ. ಹಾಗೆಂದು ಮನೆಯ ಕತೆಯನ್ನು ಎಸೆಯಬೇಡಿ. ಹೆಸರು ಬದಲಾಗಿತ್ತು ಅನ್ನುವ ತಿರುಳು ನಿಜ ಇರಬಹುದು. ಹಡಗಿನ ಪಟ್ಟಿಯಲ್ಲಿ ಹಳೆಯ ಹೆಸರಿನಿಂದ ಹುಡುಕಬೇಕು ಅನ್ನುವುದೇ ಅದರಿಂದ ಸಿಗುವ ದಾರಿ.

ದಿನಾಂಕದ ಗುಂಡಿಗಳು

ಇಂಗ್ಲೆಂಡಿನ ಒಂದು ರಿಜಿಸ್ಟರಿನಲ್ಲಿ 1720ರ ಏಪ್ರಿಲ್‌ನಲ್ಲಿ ಮದುವೆ, 1720ರ ಫೆಬ್ರವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಎಂದು ಇದ್ದರೆ ಏನು ಅನಿಸುತ್ತದೆ? ಮದುವೆಗೆ ಮೊದಲೇ ಮಗು ಎಂದು. ಆದರೆ ಆಗ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಏಪ್ರಿಲ್ ಮೊದಲು ಬರುತ್ತದೆ, 1720ರ ಫೆಬ್ರವರಿ ಹತ್ತು ತಿಂಗಳ ನಂತರ ಬರುತ್ತದೆ. ನಮ್ಮ ಲೆಕ್ಕದಲ್ಲಿ ಅದು 1721ರ ಫೆಬ್ರವರಿ. ಈ ಪದ್ಧತಿ ನಿಂತದ್ದು 1752ರಲ್ಲಿ. ಆ ವರ್ಷ ಬ್ರಿಟನ್ ಮತ್ತು ಅದರ ವಸಾಹತುಗಳು ಹಳೆಯ ಜೂಲಿಯನ್ ಕ್ಯಾಲೆಂಡರ್ ಬಿಟ್ಟು ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದದ್ದರಿಂದ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು.

ಇದು ಎಲ್ಲ ಕಡೆ ಒಟ್ಟಿಗೆ ಆಗಲಿಲ್ಲ. ಇಟಲಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಹೊಸ ಕ್ಯಾಲೆಂಡರ್ 1582ರಲ್ಲೇ ಬಂತು. ರಷ್ಯಾದಲ್ಲಿ 1918ರವರೆಗೆ ಹಳೆಯದೇ ನಡೆಯಿತು. ಫ್ರಾನ್ಸಿನಲ್ಲಿ 1793ರಿಂದ 1805ರ ಕೊನೆಯವರೆಗೆ ಕ್ರಾಂತಿಯ ಹೊಸ ಕ್ಯಾಲೆಂಡರೇ ಇತ್ತು, ತಿಂಗಳ ಹೆಸರುಗಳೇ ಬೇರೆ.

‘7ಬರ್’ ಎಂದು ಬರೆದಿರುವುದನ್ನು ಕಂಡರೆ ಏಳನೇ ತಿಂಗಳು, ಜುಲೈ ಎಂದುಕೊಳ್ಳಬೇಡಿ. ಅದು ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಅಂದರೆ ಏಳು. 8ಬರ್, 9ಬರ್, 10ಬರ್ ಕೂಡ ಹಾಗೇ: ಅಕ್ಟೋಬರ್, ನವೆಂಬರ್, ಡಿಸೆಂಬರ್.

ನಿಯಮ ಇಷ್ಟೇ. ದಾಖಲೆಯಲ್ಲಿ ಹೇಗಿದೆಯೋ ಹಾಗೇ ನಕಲು ಮಾಡಿ. ನಮ್ಮ ಲೆಕ್ಕದ ದಿನಾಂಕವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ.

ಊರು ಅಲ್ಲೇ ಇರುತ್ತದೆ, ಗಡಿ ಸರಿಯುತ್ತದೆ

ಈಗ ಉಕ್ರೇನಿನಲ್ಲಿರುವ ಲ್ವಿವ್ ನಗರಕ್ಕೆ ಜರ್ಮನ್‌ನಲ್ಲಿ ಲೆಂಬರ್ಗ್, ಪೋಲಿಷ್‌ನಲ್ಲಿ ಲ್ವೂಫ್, ರಷ್ಯನ್‌ನಲ್ಲಿ ಲ್ವೋವ್ ಎಂದು ಹೆಸರು. ಆಳಿದವರು ಬದಲಾದಂತೆ ಕಾಗದದಲ್ಲಿನ ಹೆಸರೂ ಬದಲಾಯಿತು. ಒಬ್ಬಳೇ ಅಜ್ಜಿ ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ದೇಶದಲ್ಲಿ ಹುಟ್ಟಿದಂತೆ ಕಾಣಬಹುದು. ಅವಳು ಎಲ್ಲಿಗೂ ಹೋಗಿರುವುದಿಲ್ಲ.

ಆದ್ದರಿಂದ ಊರಿನ ಹೆಸರು ಸಿಕ್ಕಿದ ಮೇಲೆ ಎರಡು ವಿಷಯ ತಿಳಿದುಕೊಳ್ಳಿ. ಆ ವರ್ಷದಲ್ಲಿ ಆ ಊರು ಯಾವ ಆಡಳಿತಕ್ಕೆ ಸೇರಿತ್ತು? ಆ ಆಡಳಿತದ ಕಾಗದಗಳು ಈಗ ಎಲ್ಲಿವೆ? ಹಳೆಯ ನಕ್ಷೆ ನೋಡುವುದು ಇಲ್ಲಿ ತುಂಬ ಸಹಾಯ. ಹತ್ತಿರದ ನೋಂದಣಿ ಕಚೇರಿ ನದಿಯ ಆಚೆ ಇದ್ದರೆ ಜನ ಈಚೆಯ ಕಚೇರಿಗೇ ಹೋಗಿರಬಹುದು.

ದಾಖಲೆಯೇ ಇಲ್ಲದಿದ್ದರೆ

ಹಿಂದಿನ ಕೊಂಡಿಗಳೆಲ್ಲ ಗಟ್ಟಿ, ಹೆಸರು ಸರಿ, ದಿನಾಂಕ ಸರಿ, ಊರೂ ಸರಿ. ಆದರೂ ಸಿಗುತ್ತಿಲ್ಲ. ಈಗ ಕೇಳಬೇಕಾದ ಪ್ರಶ್ನೆ: ಆ ದಾಖಲೆಯನ್ನು ಆಗ ಬರೆದಿದ್ದರೋ ಇಲ್ಲವೋ? ಬರೆದಿದ್ದರೆ ಈಗ ಉಳಿದಿದೆಯೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದಕ್ಕಿಂತ ಹಿಂದಿನವರನ್ನು ಅಲ್ಲಿ ಹುಡುಕಿ ಪ್ರಯೋಜನ ಇಲ್ಲ. ಆಮೇಲೂ 1875ರವರೆಗೆ ಎಷ್ಟೋ ಹುಟ್ಟುಗಳನ್ನು ಮನೆಯವರು ಬರೆಸದೆ ಬಿಟ್ಟಿದ್ದಾರೆ. ಸ್ಕಾಟ್ಲೆಂಡಿನಲ್ಲಿ ನೋಂದಣಿ ಬಂದದ್ದು 1855ರಲ್ಲಿ.

ಕೆಲವು ದಾಖಲೆಗಳು ಸುಟ್ಟುಹೋಗಿವೆ. ಅಮೆರಿಕದ 1890ರ ಜನಗಣತಿಯಲ್ಲಿ ಸುಮಾರು 6.3 ಕೋಟಿ ಜನರ ವಿವರ ಇತ್ತು. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿತ್ತು. ಸುಟ್ಟು, ನೆನೆದು ಉಳಿದ ಕಾಗದಗಳನ್ನೂ ಆಮೇಲೆ ನಾಶ ಮಾಡಿದರು. ಈಗ ಉಳಿದಿರುವುದು ಸುಮಾರು 6,000 ಜನರ ಹೆಸರು ಮಾತ್ರ. 1922ರ ಜೂನ್ 30ರಂದು ಡಬ್ಲಿನ್‌ನಲ್ಲಿ ಐರ್ಲೆಂಡಿನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟಿತು. ಶತಮಾನಗಳ ಕಾಗದ ಒಂದೇ ದಿನ ಬೂದಿಯಾಯಿತು. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನಲ್ಲಿ ಬಿದ್ದ ಬೆಂಕಿಯಲ್ಲಿ ಅಮೆರಿಕದ ಸೈನಿಕರ 1.6ರಿಂದ 1.8 ಕೋಟಿ ಕಡತಗಳು ಹೋದವು.

ಇದು ಗೊತ್ತಾದರೆ ಮನಸ್ಸಿಗೆ ಒಂಥರಾ ಸಮಾಧಾನ. ನಿಮ್ಮ ಹುಡುಕಾಟದಲ್ಲಿ ಕೊರತೆ ಇಲ್ಲ, ಕಾಗದವೇ ಇಲ್ಲ. ಆಗ ಬದಲಿ ದಾಖಲೆಗೆ ಕೈ ಹಾಕಬೇಕು. ತೆರಿಗೆ ಪಟ್ಟಿ, ಜಮೀನಿನ ಕಾಗದ, ವೀಲುನಾಮೆ, ಶಾಲೆಯ ಹಾಜರಿ, ನ್ಯಾಯಾಲಯದ ಕಡತ, ನಗರದ ವಿಳಾಸ ಪುಸ್ತಕ, ಪತ್ರಿಕೆಯಲ್ಲಿನ ನಿಧನ ವಾರ್ತೆ. ಐರ್ಲೆಂಡಿನಲ್ಲಿ ಸುಟ್ಟ ಜನಗಣತಿಯ ಬದಲಿಗೆ ಜನ ನೋಡುವುದು ಗ್ರಿಫಿತ್ ಎಂಬ ಅಧಿಕಾರಿ ಮಾಡಿಸಿದ ಆಸ್ತಿ ಮೌಲ್ಯಮಾಪನದ ಪಟ್ಟಿಯನ್ನು. ಅದು 1847ರಿಂದ 1864ರ ನಡುವೆ ಪ್ರಕಟವಾಯಿತು. ಬೆಂಕಿಯಾಗಿ ನೂರು ವರ್ಷ ತುಂಬಿದ 2022ರಲ್ಲಿ, ಬೇರೆ ಬೇರೆ ಕಡೆ ಉಳಿದಿದ್ದ ನಕಲುಗಳನ್ನು ಒಟ್ಟುಮಾಡಿ ಆ ಕಚೇರಿಯನ್ನು ಅಂತರ್ಜಾಲದಲ್ಲಿ ಮತ್ತೆ ಕಟ್ಟಿ ತೆರೆದರು. ಸುಟ್ಟದ್ದರ ಪ್ರತಿ ಎಲ್ಲೋ ಇರಬಹುದು ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಿ. ಇಂಗ್ಲೆಂಡಿನ ಚರ್ಚುಗಳು 1598ರಿಂದ ತಮ್ಮ ರಿಜಿಸ್ಟರಿನ ನಕಲನ್ನು ಪ್ರತಿ ವರ್ಷ ಬಿಷಪ್ಪರಿಗೆ ಕಳಿಸಬೇಕಿತ್ತು. ಊರಿನ ಪುಸ್ತಕ ಹಾಳಾದ ಕಡೆ ಈ ನಕಲು ಉಳಿದಿರುವುದುಂಟು.

ಪಕ್ಕದ ದಾರಿಯಿಂದ ಹೋಗಿ

ನನ್ನ ಸ್ವಂತ ಗೋಡೆ ಕೊನೆಗೆ ಒಡೆದದ್ದು ಹೀಗೆ. ಮುತ್ತಜ್ಜನ ಬಗ್ಗೆ ಎಷ್ಟು ಹುಡುಕಿದರೂ ಅವನ ತಾಯಿಯ ಹೆಸರು ಸಿಕ್ಕಿರಲಿಲ್ಲ. ಅವನ ತಂಗಿಯ ಮದುವೆಯ ದಾಖಲೆ ತೆರೆದೆ. ತಾಯಿಯ ಹೆಸರು ಅಲ್ಲಿತ್ತು. ಸಾಕ್ಷಿ ಹಾಕಿದವನು ತಾಯಿಯ ತಮ್ಮ. ನಾನು ತಂಗಿಯನ್ನು ಅಷ್ಟು ದಿನ ಸುಮ್ನೆ ಬಿಟ್ಟಿದ್ದೆ, ನನ್ನ ನೇರ ಸಾಲಿನವಳಲ್ಲ ಎಂದು.

ಮನುಷ್ಯರು ಒಂಟಿಯಾಗಿ ಬದುಕುವುದಿಲ್ಲ. ಊರು ಬಿಟ್ಟರೂ ಗುಂಪಾಗಿ ಬಿಡುತ್ತಾರೆ, ಹೊಸ ಜಾಗದಲ್ಲೂ ಅಕ್ಕಪಕ್ಕ ಮನೆ ಮಾಡುತ್ತಾರೆ. ಅಮೆರಿಕದ ವಂಶಾವಳಿ ತಜ್ಞೆ ಎಲಿಜಬೆತ್ ಶೋನ್ ಮಿಲ್ಸ್ ಇದಕ್ಕೆ ‘ಫ್ಯಾನ್’ ಎಂದು ಹೆಸರಿಟ್ಟರು. ಗೆಳೆಯರು, ಒಡನಾಡಿಗಳು, ನೆರೆಯವರು, ಈ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಸೇರಿ ಆದ ಹೆಸರು. ನಿಮ್ಮ ವ್ಯಕ್ತಿಯ ಪ್ರತಿ ದಾಖಲೆಯಲ್ಲೂ ಬರುವ ಸಾಕ್ಷಿಗಳು, ಜಾಮೀನುದಾರರು, ಪಕ್ಕದ ಮನೆಯವರ ಹೆಸರನ್ನು ಒಂದು ಪಟ್ಟಿ ಮಾಡಿ. ಎರಡು ಮೂರು ಸಲ ಬರುವ ಹೆಸರಿನ ಹಿಂದೆ ಹೋಗಿ. ಅವರು ಎಲ್ಲಿಂದ ಬಂದವರು ಎಂದು ಗೊತ್ತಾದರೆ ನಿಮ್ಮವರ ಊರೂ ಬಹುಶಃ ಅದೇ.

ಡಿಎನ್ಎ ಪರೀಕ್ಷೆ

ಕಾಗದ ಮುಗಿದ ಕಡೆ ಡಿಎನ್ಎ ಸಹಾಯ ಮಾಡಬಹುದು. ಒಡಹುಟ್ಟಿದವರು ಸುಮಾರು ಅರ್ಧದಷ್ಟು ಡಿಎನ್ಎ ಹಂಚಿಕೊಂಡಿರುತ್ತಾರೆ. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳ ನಡುವೆ ಸರಾಸರಿ 12.5 ಶೇಕಡ. ಮುತ್ತಜ್ಜ ಮುತ್ತಜ್ಜಿ ಒಂದೇ ಆದವರ ನಡುವೆ ಸುಮಾರು 3 ಶೇಕಡ. ಇನ್ನೊಂದು ತಲೆಮಾರು ಹಿಂದೆ ಹೋದರೆ ನೂರರಲ್ಲಿ ಸುಮಾರು ಹತ್ತು ಜೋಡಿಗಳಿಗೆ ಪರೀಕ್ಷೆಯಲ್ಲಿ ಏನೂ ಹೊಂದುವುದೇ ಇಲ್ಲ. ಹಾಗಾಗಿ ದೂರದ ನೆಂಟರ ಜೊತೆ ಹೊಂದಲಿಲ್ಲ ಅಂದಮಾತ್ರಕ್ಕೆ ಸಂಬಂಧ ಇಲ್ಲ ಎಂದು ತೀರ್ಮಾನಿಸಬೇಡಿ. ಮನೆಯಲ್ಲಿ ಹಿರಿಯರಿದ್ದರೆ, ಅವರು ಒಪ್ಪಿದರೆ, ಅವರದ್ದೇ ಮೊದಲು ಮಾಡಿಸಿ. ಅವರು ಆ ಪೂರ್ವಿಕರಿಗೆ ಒಂದೆರಡು ತಲೆಮಾರು ಹತ್ತಿರ.

ಒಪ್ಪಿಗೆ ಅನ್ನುವ ಮಾತನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ತಂದೆ ಎಂದು ನಂಬಿದವರು ತಂದೆಯಲ್ಲ ಎಂದು ತಿಳಿದುಬರಬಹುದು. ಬದುಕಿರುವವರ ಮನಸ್ಸು ಮುರಿಯಬಹುದು. ಪರೀಕ್ಷೆಗೆ ಮೊದಲೇ ಈ ಮಾತನ್ನು ಬಾಯಿ ಬಿಟ್ಟು ಆಡಿ.

ತಪ್ಪು ಸಿಕ್ಕ ಮೇಲೆ

ಅಂತರ್ಜಾಲದಲ್ಲಿ ಹತ್ತು ವಂಶವೃಕ್ಷಗಳು ಒಂದೇ ಹೆಸರು ಹೇಳಿದರೆ ಹತ್ತು ಸಾಕ್ಷಿ ಆಗಲಿಲ್ಲ. ಒಬ್ಬರದ್ದನ್ನು ಒಂಬತ್ತು ಜನ ನಕಲು ಮಾಡಿರುತ್ತಾರೆ. ನಕಲು ಮಾಡಿದ್ದು ಸುಳ್ಳೇ ಆಗಿರುವುದೂ ಉಂಟು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಗುಸ್ತಾವ್ ಆಂಜೂ ಎಂಬಾತ ಹಣವಂತರಿಗೆ ಬೇಕಾದ ಹಾಗೆ ವಂಶಾವಳಿ ಹೆಣೆದು ಕೊಡುತ್ತಿದ್ದ. ಅವನು ಸತ್ತದ್ದು 1942ರಲ್ಲಿ. ಅವನ ಕಟ್ಟುಕತೆಗಳು ಇನ್ನೂ ಜನರ ಮರಗಳಲ್ಲಿ ಓಡಾಡುತ್ತಿವೆ.

ನಿಮ್ಮ ಮರದಲ್ಲಿ ತಪ್ಪು ಕಂಡರೆ ತಪ್ಪು ವ್ಯಕ್ತಿಯನ್ನು ಅಳಿಸಿಹಾಕಬೇಡಿ. ಕೊಂಡಿಯನ್ನು ಮಾತ್ರ ಬಿಡಿಸಿ. ‘ಇವನು ನಮ್ಮವನಲ್ಲ, ಯಾಕೆಂದರೆ ಈ ವರ್ಷ ಮಗುವಾಗಿದ್ದಾಗಲೇ ತೀರಿಕೊಂಡ’ ಎಂದು ದಾಖಲೆಯ ವಿವರದ ಜೊತೆ ಟಿಪ್ಪಣಿ ಇಡಿ. ಇಲ್ಲದಿದ್ದರೆ ಮುಂದೆ ನೀವೋ ನಿಮ್ಮ ಮಕ್ಕಳೋ ಅದೇ ಹೆಸರನ್ನು ಕಂಡು ಖುಷಿಯಿಂದ ಮತ್ತೆ ಜೋಡಿಸುತ್ತೀರಿ. ಹಳೆಯ ಪ್ರತಿಯನ್ನು ಯಾರಿಗೆಲ್ಲ ಕೊಟ್ಟಿದ್ದೀರೋ ಅವರಿಗೆ ತಿಳಿಸಿ. ಬೇರೆಯವರ ಮರದಲ್ಲಿ ತಪ್ಪಿದ್ದರೆ ‘ನಿಮ್ಮದು ತಪ್ಪು’ ಎಂದು ಶುರು ಮಾಡಬೇಡಿ. ‘ನನಗೆ ಈ ದಾಖಲೆ ಸಿಕ್ಕಿದೆ, ನೀವು ನೋಡಿದ್ದೀರಾ?’ ಎಂದು ಕೇಳಿ. ಎಷ್ಟೋ ಸಲ ಅವರ ಬಳಿ ನಾವು ನೋಡದ ಕಾಗದ ಇರುತ್ತದೆ.

ಎರಡು ದಾಖಲೆಗಳು ಎರಡು ಥರ ಹೇಳಿದರೆ? ಒಂದನ್ನು ಮುಚ್ಚಿಡಬೇಡಿ. ಎರಡನ್ನೂ ಬರೆದು, ಯಾವುದನ್ನು ಯಾಕೆ ನಂಬಿದಿರಿ ಎಂದು ಒಂದು ಪುಟ ಬರೆಯಿರಿ. ಬರೆಯುವಾಗಲೇ ವಾದದಲ್ಲಿ ಎಲ್ಲಿ ತೂತಿದೆ ಎಂದು ಗೊತ್ತಾಗುತ್ತದೆ. ನನಗಂತೂ ಪ್ರತಿ ಸಲ ಹಾಗೇ ಆಗಿದೆ.

ಸದ್ಯಕ್ಕೆ ಎತ್ತಿಡುವುದು

ಕೆಲವು ಗೋಡೆಗಳು ಈಗ ಒಡೆಯುವುದಿಲ್ಲ. ಕಾಗದ ಇದ್ದರೂ ಬೀಗ ಹಾಕಿರಬಹುದು. ಅಮೆರಿಕದ ಜನಗಣತಿಯ ವಿವರಗಳನ್ನು 72 ವರ್ಷ ತೆರೆಯುವುದಿಲ್ಲ. 1950ರದ್ದು 2022ರ ಏಪ್ರಿಲ್ 1ರಂದು ತೆರೆಯಿತು, 1960ರದ್ದು 2032ರ ಏಪ್ರಿಲ್‌ವರೆಗೆ ಕಾಯಬೇಕು. ಬ್ರಿಟನ್ನಿನಲ್ಲಿ ನೂರು ವರ್ಷ.

ಹಾಗಾದಾಗ ಕಡತದ ಮೊದಲ ಪುಟದಲ್ಲಿ ಮೂರು ಸಾಲು ಬರೆದಿಡಿ. ಪ್ರಶ್ನೆ ಏನು? ಎಲ್ಲಿಯವರೆಗೆ ಬಂದಿದ್ದೇನೆ? ಮುಂದೆ ಯಾವ ದಾಖಲೆ ತೆರೆದಾಗ ಮತ್ತೆ ನೋಡಬೇಕು? ಆಮೇಲೆ ವರ್ಷಕ್ಕೊಮ್ಮೆ ತೆರೆದು ನೋಡಿ. ಹೊಸ ರಿಜಿಸ್ಟರುಗಳ ಚಿತ್ರಗಳು ಬರುತ್ತಲೇ ಇರುತ್ತವೆ.

ನನ್ನ ಹತ್ತಿರ ಅಂಥ ಒಂದು ಕಡತ ಆರು ವರ್ಷದಿಂದ ಇದೆ. ಒಬ್ಬ ಮುತ್ತಜ್ಜಿಯದು. ಕಳೆದ ಸಲ ತೆರೆದಾಗ ಒಂದು ಹೊಸ ರಿಜಿಸ್ಟರ್ ಬಂದಿತ್ತು. ಎರಡು ದಿನ ಕೂತು ಪೂರ್ತಿ ಓದಿದೆ. ಅವಳು ಅದರಲ್ಲಿ ಇರಲಿಲ್ಲ. ದಿನಾಂಕ ಹಾಕಿ ಅದನ್ನೂ ಬರೆದಿಟ್ಟಿದ್ದೇನೆ.